ನಾಲ್ಕು ಕಾಲೂ ಬಿಳಿ ಇದ್ದರೆ ಕುದುರೆ ಗೆಲ್ಲಲ್ವಾ? ಸತ್ಯಾಂಶ ಇಲ್ಲಿದೆ

ಬಿಳಿ ಕಾಲಿನ ಕುದುರೆ ಕೊಳ್ಳಬೇಡಿ, ಅದರ ಗೊರಸು ಮೆತ್ತಗೆ ಅನ್ನುವ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ಇದು ನಿಜವಲ್ಲ. ನಂಬಿದವರನ್ನು ದೂರುವ ಹಾಗೂ ಇಲ್ಲ. ಇಂಗ್ಲಿಷ್ ಮಾತಾಡುವ ನಾಡುಗಳಲ್ಲೂ ಇದರ ಮೇಲೆ ಹಳೇ ಪದ್ಯವೇ ಇದೆ.

ಕಾಲು ಬಿಳಿ ಇದ್ದರೆ ಗೊರಸೂ ಸಾಮಾನ್ಯವಾಗಿ ಬಿಳಿ ಇರುತ್ತದೆ. ಆದರೆ ಗೊರಸಿನ ಬಿಳುಪು ಬರೀ ಬಣ್ಣ. ಗಟ್ಟಿತನ ತಳಿ, ಮೇವು, ನೆಲದ ತೇವ, ಲಾಳ ಹೊಡೆಯುವವರ ಕೈಗುಣದ ಮೇಲೆ ನಿಂತಿದೆ.

ದಿ ಮಿನ್‌ಸ್ಟ್ರೆಲ್ ಅನ್ನುವ ರೇಸ್ ಕುದುರೆಯನ್ನೇ ನೋಡಿ. ಕಂದು ಮೈ, ನಾಲ್ಕೂ ಕಾಲು ಬಿಳಿ, ಎತ್ತರವೂ ಕಡಿಮೆ. ಐರ್ಲೆಂಡಿನ ಹೆಸರಾಂತ ತರಬೇತುದಾರರೊಬ್ಬರು ಅದನ್ನು ಕೈಬಿಡಲಿಲ್ಲ. ಅದರ ತಂದೆ ನಾರ್ದರ್ನ್ ಡ್ಯಾನ್ಸರ್‌ನ ಮರಿಗಳ ಮೇಲೆ ಅವರಿಗೆ ಜಾಸ್ತಿ ನಂಬಿಕೆ. 1977ರಲ್ಲಿ ಆ ಕುದುರೆ ಇಂಗ್ಲೆಂಡಿನ ಎಪ್ಸಮ್ ಡರ್ಬಿ, ಐರ್ಲೆಂಡಿನ ಐರಿಶ್ ಡರ್ಬಿ ಅನ್ನುವ ಎರಡು ದೊಡ್ಡ ರೇಸುಗಳನ್ನೂ ಗೆದ್ದಿತು. 1973ರಲ್ಲಿ ಅಮೆರಿಕದ ಬೆಲ್ಮಾಂಟ್ ರೇಸನ್ನು 31 ಕುದುರೆಯುದ್ದ ಮುಂದಿದ್ದು ಗೆದ್ದ ಸೆಕ್ರೆಟೇರಿಯಟ್‌ಗೂ ಮೂರು ಕಾಲು ಬಿಳಿ!

ನೀವೇ ಪರೀಕ್ಷಿಸಬಹುದು. ಸಂದೇಶದಲ್ಲಿ ಕುದುರೆಯ ಹೆಸರು, ವರ್ಷ ಇದೆಯಾ ನೋಡಿ. ದೊಡ್ಡ ರೇಸೊಂದರ ಹಳೇ ವಿಜೇತರ ಫೋಟೊ ಹುಡುಕಿ, ಕಾಲು ಗಮನಿಸಿ. ಸೋತವುಗಳಲ್ಲಿ ಕಪ್ಪು ಗೊರಸಿನವು ಎಷ್ಟು ಅಂತಲೂ ಎಣಿಸಿ.

ಕುದುರೆ ನೋಡಲು ಹೋದಾಗ ಸುಮ್ನೆ ಬಣ್ಣ ನೋಡಿ ಬರಬೇಡಿ. ನಡೆಸಿ ನೋಡಿ. ಕಾಲು ಎತ್ತಿಸಿ, ಗೊರಸಿನಲ್ಲಿ ಬಿರುಕಿದೆಯಾ ಅಂತ ಬೆರಳಾಡಿಸಿ.