ಸಣ್ಣ ಎಂಜಿನ್ನಿನ ಟ್ರಕ್ಕಿಗೆ ಅಷ್ಟು ದೊಡ್ಡ ಮನೆಯೇ?

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಇಬ್ಬರು ಪಿಕಪ್ ಟ್ರಕ್ಕಿನ ಮಾತು ಎತ್ತಿದರೆ ಮೊದಲ ಪ್ರಶ್ನೆ ಎಂಜಿನ್ ಎಷ್ಟು ಲೀಟರಿನದು ಎಂಬುದೇ. ಡೆನ್ವರಿನ ಹೊರವಲಯದ ನಮ್ಮ ಬಡಾವಣೆಯಲ್ಲಿ 2.7 ಲೀಟರಿನ ಟ್ರಕ್ಕಿಗೆ ಫಿಫ್ತ್ ವ್ಹೀಲ್ ಕ್ಯಾಂಪರ್ ಕಟ್ಟಿಕೊಂಡು ಓಡಾಡುವವನು ನಾನೊಬ್ಬನೇ ಇರಬೇಕು. ನೋಡಿದವರು ಕೈಬೀಸುತ್ತಾರೆ, ನಗುತ್ತಾರೆ, ಆಮೇಲೆ ಅಕ್ಕರೆಯಿಂದಲೇ ಬುದ್ಧಿ ಹೇಳುತ್ತಾರೆ: ಇದಕ್ಕೆ 6.7 ಲೀಟರಿನ ಡೀಸೆಲ್ ಬೇಕು, ಇದು ಬೆಟ್ಟ ಹತ್ತುವುದಿಲ್ಲ. ಹತ್ತುತ್ತದೆ. ಆ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅನುಮಾನ ಪಡಬೇಕಾದ ಸಂಗತಿಗಳು ಬೇರೆ ಇವೆ, ಅವುಗಳನ್ನು ಯಾರೂ ಕೇಳುವುದಿಲ್ಲ ಎಂಬುದು ನನ್ನ ತಕರಾರು.

ಕರ್ನಾಟಕದಲ್ಲಿರುವವರಿಗೆ ಈ ವಾಹನದ ಪರಿಚಯ ಅಷ್ಟಾಗಿ ಇರಲಾರದು. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಇರುವ ಗಾಲಿ ಮೇಲಿನ ಮನೆ ಇದು. ಸಾಮಾನ್ಯ ಟ್ರೈಲರನ್ನು ಟ್ರಕ್ಕಿನ ಹಿಂದಿನ ಬಂಪರಿನ ಕೆಳಗಿರುವ ಚೆಂಡಿನಂಥ ಕೊಂಡಿಗೆ ಸಿಕ್ಕಿಸುತ್ತಾರೆ. ಫಿಫ್ತ್ ವ್ಹೀಲಿನ ಮೂತಿಯಾದರೋ ಟ್ರಕ್ಕಿನ ಸಾಮಾನು ತೊಟ್ಟಿಯ ಒಳಕ್ಕೇ ಬಂದು, ಹಿಂದಿನ ಆಕ್ಸಲಿನ ನೇರಕ್ಕೆ ಕೂರಿಸಿದ ಉಕ್ಕಿನ ತಟ್ಟೆಯ ಮೇಲೆ ಕುಳಿತುಕೊಳ್ಳುತ್ತದೆ. ಮಂಗಳೂರು ಬಂದರಿಗೆ ಹೋಗುವ ಕಂಟೇನರ್ ಲಾರಿಗಳಲ್ಲಿ ಇರುವುದೂ ಇದೇ ಜೋಡಣೆ. ಇದರಿಂದ ಟ್ರೈಲರ್ ಹಾವಿನಂತೆ ತೊನೆಯುವುದು ಬಹಳ ಕಡಿಮೆಯಾಗುತ್ತದೆ. ಅದಕ್ಕೆ ಕೊಡಬೇಕಾದ ಬೆಲೆ ಎಂದರೆ, ಟ್ರೈಲರಿನ ತೂಕದ ಸುಮಾರು ಐದನೇ ಒಂದು ಭಾಗ ನೇರವಾಗಿ ಟ್ರಕ್ಕಿನ ಬೆನ್ನಿನ ಮೇಲೆ ಬೀಳುತ್ತದೆ. ಬಂಪರಿಗೆ ಕಟ್ಟುವ ಟ್ರೈಲರಿನಲ್ಲಿ ಈ ಪಾಲು ಹತ್ತರಿಂದ ಹದಿನೈದು ಶೇಕಡಾ ಮಾತ್ರ.

ಗಾಡಿ ಹೊಡೆದು ಗೊತ್ತಿರುವ ರೈತರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಹುಲ್ಲು ಹೇರುವಾಗ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲನ್ನು ಅರೆಯುತ್ತದೆ. ಎತ್ತು ಎಷ್ಟು ಎಳೆಯಬಲ್ಲದು ಎಂಬುದು ಒಂದು ಲೆಕ್ಕ, ಹೆಗಲು ಎಷ್ಟು ಹೊರಬಲ್ಲದು ಎಂಬುದು ಇನ್ನೊಂದು ಲೆಕ್ಕ. ಅಮೆರಿಕದ ಟ್ರಕ್ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮೊದಲಿನದು ಮಾತ್ರ. ಎರಡನೆಯದು ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಅಂಟಿಸಿರುವ ಪುಟ್ಟ ಚೀಟಿಯಲ್ಲಿದೆ. ಜನ ಮತ್ತು ಸರಕು ಎಲ್ಲ ಸೇರಿ ಇಷ್ಟನ್ನು ಮೀರಬಾರದು ಎಂದು ಅದು ಹೇಳುತ್ತದೆ. ಟ್ರಕ್ ಕೊಳ್ಳಲು ಬಂದವರು ಬಾನೆಟ್ ಎತ್ತಿಸಿ ನೋಡುವುದನ್ನು ಕಂಡಿದ್ದೇನೆ. ಬಾಗಿಲು ತೆರೆದು ಆ ಚೀಟಿ ಓದಿದವರನ್ನು ಕಂಡದ್ದು ಅಪರೂಪ.

ನನ್ನ ಚೀಟಿ 1,840 ಪೌಂಡ್ ಎನ್ನುತ್ತದೆ, ಅಂದರೆ 835 ಕಿಲೊ. ಕ್ಯಾಂಪರ್ ತುಂಬಿದಾಗ ಸುಮಾರು 7,000 ಪೌಂಡ್ ತೂಗುತ್ತದೆ. ಫಿಫ್ತ್ ವ್ಹೀಲುಗಳ ಪೈಕಿ ಇದು ಚಿಕ್ಕ ಜಾತಿಯದು. ಅದರ ಐದನೇ ಒಂದು ಭಾಗ 635 ಕಿಲೊ. ತೊಟ್ಟಿಯಲ್ಲಿ ಕೂರಿಸಿದ ಹಿಚ್ಚಿಗೆ, ಅಂದರೆ ಆ ಉಕ್ಕಿನ ತಟ್ಟೆಯ ಕೊಂಡಿಗೆ, 50 ಕಿಲೊ. ಉಳಿದದ್ದು 150 ಕಿಲೊ, ಎಂದರೆ ಇಬ್ಬರು ಮನುಷ್ಯರು ಮತ್ತು ಒಂದು ಚಕ್ಕುಲಿ ಡಬ್ಬಿ. ಐದು ಜನ ಕೂರುವ ಆಸನಗಳಿದ್ದರೂ ಕ್ಯಾಂಪರ್ ಕಟ್ಟಿದ ದಿನ ಇದು ಇಬ್ಬರ ಗಾಡಿ. ಊರಿನಿಂದ ಅತ್ತೆ ಮಾವ ಬಂದಾಗ ನಾವು ಎರಡು ವಾಹನಗಳಲ್ಲಿ ಹೊರಡುತ್ತೇವೆ. ಹೆಂಡತಿ ಮಗಳನ್ನೂ ಅತ್ತೆಯವರನ್ನೂ ಕಾರಿನಲ್ಲಿ ಕರೆದುಕೊಂಡು ಬರುತ್ತಾಳೆ, ಮಾವನವರು ನನ್ನ ಪಕ್ಕ ಕೂರುತ್ತಾರೆ. ಕುಕ್ಕರ್, ಅಕ್ಕಿ, ಒರಳಿನಷ್ಟು ಭಾರದ ವೆಟ್ ಗ್ರೈಂಡರ್ ಎಲ್ಲವೂ ಕಾರಿನಲ್ಲಿ. (ಕ್ಯಾಂಪಿಂಗಿಗೆ ವೆಟ್ ಗ್ರೈಂಡರ್ ಏಕೆ ಎಂದು ಕೇಳಬೇಡಿ, ನಾನು ಕೇಳಿ ಸುಮ್ಮನಾಗಿದ್ದೇನೆ.) ಕ್ಯಾಂಪರಿನ ನೀರಿನ ಟ್ಯಾಂಕ್ ಮನೆಯಿಂದ ಹೊರಡುವಾಗ ಖಾಲಿ ಇರುತ್ತದೆ; 50 ಗ್ಯಾಲನ್ ನೀರೆಂದರೆ 190 ಕಿಲೊ, ಅದನ್ನು ತಂಗುವ ಜಾಗದಲ್ಲಿ ತುಂಬಿಸಿಕೊಂಡರಾಯಿತು.

ಎಂಜಿನ್ ಎಷ್ಟೇ ದೊಡ್ಡದಾದರೂ ಈ ಲೆಕ್ಕ ಬದಲಾಗುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಅದೇ ಟ್ರಕ್ಕಿಗೆ ಭಾರದ ಎಂಜಿನ್ ಹಾಕಿದರೆ ಹೊರುವ ಮಿತಿ ಕೆಲವೊಮ್ಮೆ ಇನ್ನಷ್ಟು ಇಳಿಯುತ್ತದೆ, ಏಕೆಂದರೆ ಎಂಜಿನ್ನಿನ ತೂಕವನ್ನೂ ಅದೇ ಸ್ಪ್ರಿಂಗ್, ಅದೇ ಟೈರುಗಳೇ ಹೊರಬೇಕು.

ಎಳೆಯುವ ಶಕ್ತಿಯ ವಿಚಾರಕ್ಕೆ ಬರೋಣ. 2018ರ ಫೋರ್ಡ್ ಎಫ್-150 ಪಿಕಪ್ಪಿನಲ್ಲಿ ಎರಡು ಟರ್ಬೊಗಳಿರುವ 2.7 ಲೀಟರಿನ ವಿ6 ಎಂಜಿನ್ನಿಗೂ 5.0 ಲೀಟರಿನ ವಿ8 ಎಂಜಿನ್ನಿಗೂ ಟಾರ್ಕ್ (ಗಾಲಿ ತಿರುಗಿಸುವ ಬಲ) ಒಂದೇ, 400 ಪೌಂಡ್-ಫೀಟ್. ಸಣ್ಣ ಎಂಜಿನ್ ಅದನ್ನು ನಿಮಿಷಕ್ಕೆ 2,750 ಸುತ್ತಿನಲ್ಲೇ (ಆರ್‌ಪಿಎಂ) ಕೊಡುತ್ತದೆ, ದೊಡ್ಡದು 4,500ರವರೆಗೆ ಕಾಯುವಂತೆ ಮಾಡುತ್ತದೆ. ಇನ್ನು ಎತ್ತರ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ, ಆ ಲೆಕ್ಕದಲ್ಲಿ ಸುರಂಗದ ಬಾಯಿಗೆ ಬರುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ. ಟರ್ಬೊ ತೆಳುಗಾಳಿಯನ್ನು ಒತ್ತಿ ಒಳಗೆ ತುಂಬುವುದರಿಂದ ಅದರ ನಷ್ಟ ಬಹಳ ಕಡಿಮೆ. ದೊಡ್ಡ ವಿ8 ಇಟ್ಟುಕೊಂಡು ನನ್ನನ್ನು ಕನಿಕರದಿಂದ ನೋಡುವವರಿಗೆ ಇದನ್ನು ಹೇಳಿದರೆ ಮಾತು ಹವಾಮಾನದ ಕಡೆಗೆ ತಿರುಗುತ್ತದೆ. ಪೆಟ್ರೋಲ್ ಕುಡಿಯುವ ವಿಷಯದಲ್ಲಿ ಮಾತ್ರ ನನ್ನ ಬಳಿ ಉತ್ತರವಿಲ್ಲ. ಭಾರ ಎಳೆಯುವಾಗ ಮೈಲೇಜ್ ಅರ್ಧಕ್ಕೆ ಬೀಳುತ್ತದೆ.

ನಮ್ಮ ಕಡೆಯ ಲಾರಿಗಳನ್ನು ನೆನೆದರೆ ಈ ಚರ್ಚೆಯೇ ತಮಾಷೆ ಎನಿಸುತ್ತದೆ. ಟಾಟಾ 1613 ಎಂಬ ಹೆಸರಿನಲ್ಲೇ ಲೆಕ್ಕವಿತ್ತು: ಒಟ್ಟು ಭಾರ 16 ಟನ್, ಶಕ್ತಿ ಸುಮಾರು 130 ಎಚ್‌ಪಿ. ಟನ್ನಿಗೆ ಎಂಟು ಎಚ್‌ಪಿ. ನನ್ನ ಟ್ರಕ್ಕೂ ಕ್ಯಾಂಪರೂ ಸೇರಿ ಐದೂವರೆ ಟನ್, ಎಂಜಿನ್ 325 ಎಚ್‌ಪಿ, ಟನ್ನಿಗೆ ಐವತ್ತೊಂಬತ್ತು. ಕಬ್ಬಿನ ಕಾಲದಲ್ಲಿ ಮಂಡ್ಯ, ಬೆಳಗಾವಿಯ ರಸ್ತೆಗಳಲ್ಲಿ ಐವತ್ತು ಎಚ್‌ಪಿಯ ಟ್ರ್ಯಾಕ್ಟರ್ ಎರಡೆರಡು ಟ್ರೈಲರ್ ಎಳೆಯುವುದನ್ನು ನೋಡಿದವರು ಇಲ್ಲಿನವರ ಆತಂಕಕ್ಕೆ ಏನೆನ್ನಬೇಕು?

ಆದರೆ ಅದನ್ನು ನಮ್ಮ ಜಾಣತನ ಎಂದು ಕೊಚ್ಚಿಕೊಳ್ಳುವ ಅನಿವಾಸಿ ಬಂಧುಗಳ ಜೊತೆಗೂ ನನಗೆ ಜಗಳವಿದೆ. ಆ ಕಬ್ಬಿನ ಟ್ರೈಲರುಗಳಲ್ಲಿ ಎಷ್ಟಕ್ಕೆ ಬ್ರೇಕ್ ಇರುತ್ತದೆ? ಹಿಂದೆ ಒಂದು ಕೆಂಪು ದೀಪವಾದರೂ ಉರಿಯುತ್ತದೆಯೇ? ವೇಬ್ರಿಡ್ಜ್ ನಮ್ಮ ಪ್ರತಿ ಊರಿನಲ್ಲೂ ಇದೆ, ಆದರೆ ಅಲ್ಲಿ ತೂಗುವುದು ದುಡ್ಡಿನ ಲೆಕ್ಕಕ್ಕೆ, ಆಕ್ಸಲ್ ತಡೆಯುತ್ತದೆಯೇ ಎಂದು ತಿಳಿಯಲು ಅಲ್ಲ. ಇಲ್ಲಿ ಟ್ರಕ್ ನಿಲ್ದಾಣಗಳಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜಿನ ಮೇಲೆ ಯಾರು ಬೇಕಾದರೂ ಗಾಡಿ ಹತ್ತಿಸಬಹುದು. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರಿನ ಆಕ್ಸಲುಗಳು, ಮೂರಕ್ಕೂ ಬೇರೆ ಬೇರೆ ತೂಕ ಮುದ್ರಿಸಿ ಕೊಡುತ್ತಾರೆ. ಈ ಗಾತ್ರದ ಟ್ರೈಲರಿಗೆ ತನ್ನದೇ ವಿದ್ಯುತ್ ಬ್ರೇಕ್ ಇರುತ್ತದೆ. ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಾಕುವ ಸ್ವಿಚ್ಚೂ ಇರುತ್ತದೆ. ಅಮೆರಿಕದ ಈ ಪದ್ಧತಿಗಳನ್ನು ಕಣ್ಣುಮುಚ್ಚಿ ಒಪ್ಪುತ್ತೇನೆ.

ಒಪ್ಪದಿರುವುದು ಇವರ ವೇಗವನ್ನು. ಟ್ರೈಲರ್ ಎಳೆಯುವ ವಾಹನಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ 55 ಮೈಲಿ ಮಿತಿ ಇದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ 80 ಕಿಲೊಮೀಟರ್, ವಿಶೇಷ ಅನುಮತಿ ಪಡೆದರೆ ಹೆದ್ದಾರಿಯಲ್ಲಿ ನೂರು. ಅಲ್ಲಿ ಎರಡು ಲೀಟರಿನ ಕಾರುಗಳು ಕ್ಯಾರವಾನ್ ಎಳೆಯುತ್ತವೆ, ಯಾರೂ ಹುಬ್ಬೇರಿಸುವುದಿಲ್ಲ. ಕೊಲೊರಾಡೊದಲ್ಲಿ ಜನ ಐದು ಟನ್ ಕಟ್ಟಿಕೊಂಡೂ ಕಾರುಗಳ ಜೊತೆ 75 ಮೈಲಿಯಲ್ಲಿ ಓಡುತ್ತಾರೆ. ಅನೇಕ ಟ್ರೈಲರ್ ಟೈರುಗಳ ವೇಗಮಿತಿಯೇ 65 ಮೈಲಿ. ಏರಿನಲ್ಲೂ ವೇಗ ತಗ್ಗಬಾರದು ಎಂಬ ಹಟ ಇರುವುದರಿಂದಲೇ ದೊಡ್ಡ ಎಂಜಿನ್ ಬೇಕಾಗಿರುವುದು. ಟ್ರಕ್ ಕಂಪನಿಗಳು ಒಪ್ಪಿಕೊಂಡ ಎಳೆತದ ಮಾನದಂಡದಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಬಿಸಿಲಿನಲ್ಲಿ, ಎಸಿ ಹಾಕಿಕೊಂಡು ಹತ್ತಬೇಕು. ಅಲ್ಲಿಯೂ ಇಂಥ ಟ್ರಕ್ಕಿಗೆ ಕೇಳುವ ಕನಿಷ್ಠ ವೇಗ ಗಂಟೆಗೆ 40 ಮೈಲಿ ಅಷ್ಟೇ. ಎಪ್ಪತ್ತೈದು ಯಾರೂ ಕೇಳಿಲ್ಲ.

ಮಾವನವರು ಹಾಸನದ ಕಡೆ ಬಸ್ ಓಡಿಸಿ ನಿವೃತ್ತರಾದವರು. ಡೋಣಿಗಾಲಿನಿಂದ ಗುಂಡ್ಯದವರೆಗೆ ಶಿರಾಡಿ ಘಾಟಿಯ ಒಂದೊಂದು ತಿರುವೂ ಅವರಿಗೆ ಗೊತ್ತು. ಸುರಂಗಕ್ಕೆ ಏರುವಾಗ ಬಲಬದಿಯ ಲೇನಿನಲ್ಲಿ 45 ಮೈಲಿಯಲ್ಲಿ ಹೋಗುತ್ತಿದ್ದೆ, ಎಡಗಡೆಯಿಂದ ದೊಡ್ಡ ಡೀಸೆಲ್‌ಗಳು ನುಗ್ಗುತ್ತಿದ್ದವು. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸುರಂಗದಿಂದ ಹೊರಬಿದ್ದು ಸಿಲ್ವರ್‌ಥಾರ್ನ್ ಕಡೆಗೆ ಇಳಿಜಾರು ಶುರುವಾದಾಗ ನೆಟ್ಟಗೆ ಕುಳಿತು ಕೇಳಿದರು, “ಗೇರ್ ಎಷ್ಟರಲ್ಲಿದೆ ನೋಡಿ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಲ್ಲವೇ?”

ಇಷ್ಟು ವರ್ಷಗಳಲ್ಲಿ ನನ್ನ ನೆರೆಹೊರೆಯವರು ಯಾರೂ ಕೇಳದ ಪ್ರಶ್ನೆ ಅದು. ಅಲ್ಲಿ ಇಳಿಜಾರು ಏಳು ಶೇಕಡಾ, ಮೈಲಿಗಟ್ಟಲೆ ಹಾಗೇ ಇರುತ್ತದೆ. ಐದೂವರೆ ಟನ್ ಭಾರ ಗಂಟೆಗೆ ನೂರು ಕಿಲೊಮೀಟರಿನಲ್ಲಿ ಏಳು ಶೇಕಡಾ ಇಳಿಯುವಾಗ ಗುರುತ್ವ ಸುಮಾರು 140 ಎಚ್‌ಪಿಯಷ್ಟು ಶಕ್ತಿಯಲ್ಲಿ ಅದನ್ನು ತಳ್ಳುತ್ತಿರುತ್ತದೆ. ಗಾಳಿಯೂ ಟೈರುಗಳೂ ಒಂದಿಷ್ಟು ತಿನ್ನುತ್ತವೆ, ಮಿಕ್ಕದ್ದನ್ನು ಎಂಜಿನ್ ಹಿಡಿಯಬೇಕು, ಇಲ್ಲವೇ ಬ್ರೇಕುಗಳು ಬಿಸಿಯಾಗುತ್ತಾ ತಡೆಯಬೇಕು. ಐವತ್ತರಲ್ಲಿ ಇಳಿದರೆ ಆ ತಳ್ಳುವಿಕೆಯೂ ಅರ್ಧ. ಸಣ್ಣ ಎಂಜಿನ್ ನಿಜವಾಗಿ ಸೋಲುವುದು ಇಲ್ಲಿ. ದೊಡ್ಡ ಡೀಸೆಲ್‌ಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ಒಂದು ಗುಂಡಿ ಒತ್ತಿದರೆ ಎಂಜಿನ್ನೇ ಗಾಡಿಯ ವೇಗವನ್ನು ತಡೆದು ಹಿಡಿಯುತ್ತದೆ. ನನ್ನ 2.7 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಆ ತಾಕತ್ತಿಲ್ಲ. ಭಾರ ಎಳೆಯುವಾಗ ಹಾಕುವ ಟೋ-ಹಾಲ್ ಮೋಡಿನಲ್ಲಿ ಕೆಳ ಗೇರಿಗೆ ಇಳಿಸಿ, ಎಂಜಿನ್ 4,500 ಆರ್‌ಪಿಎಂನಲ್ಲಿ ಕಿರುಚಿಕೊಂಡರೂ ಹೆದರದೆ, ಲಾರಿಗಳ ಹಿಂದೆ ಲಾರಿಯಂತೆ ಇಳಿಯಬೇಕು. ವೇಗ ಮೀರಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಸಾಕಷ್ಟು ತಗ್ಗಿಸಿ ಬಿಟ್ಟುಬಿಡಬೇಕು. ಕಾಲನ್ನು ಪೆಡಲಿನ ಮೇಲೆ ಇಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ.

ದಾರಿಯ ಬದಿಯಲ್ಲಿ, ಬ್ರೇಕ್ ಸೋತ ಲಾರಿಗಳಿಗೆಂದು ಜಲ್ಲಿ ತುಂಬಿದ ಏರುದಾರಿಗಳಿವೆ. ತಾವು ಬಸ್ ಓಡಿಸಿದ ಮಾರ್ಗಗಳಲ್ಲಿ ಇಂಥದ್ದನ್ನು ನೋಡಿರಲಿಲ್ಲ ಎಂದರು ಮಾವ. 2019ರ ಏಪ್ರಿಲ್‌ನಲ್ಲಿ ಇದೇ ಐ-70ರಲ್ಲಿ, ಡೆನ್ವರಿನ ಪಕ್ಕದ ಲೇಕ್‌ವುಡ್ ಬಳಿ, ಮರ ಹೇರಿದ್ದ ಲಾರಿಯೊಂದು ಬೆಟ್ಟ ಇಳಿದು ಬಂದು ವಾಹನಗಳ ಸಾಲಿಗೆ ನುಗ್ಗಿ ನಾಲ್ವರು ಸತ್ತರು. ಬ್ರೇಕ್ ಹಿಡಿಯಲಿಲ್ಲ ಎಂದು ಚಾಲಕ ಹೇಳಿದ. ಅಂಥ ಏರುದಾರಿಯೊಂದನ್ನು ಬಿಟ್ಟು ಮುಂದೆ ಹೋದದ್ದೇಕೆ ಎಂಬುದು ವಿಚಾರಣೆಯ ದೊಡ್ಡ ಪ್ರಶ್ನೆಯಾಯಿತು. ನ್ಯಾಯಾಲಯ 110 ವರ್ಷ ಶಿಕ್ಷೆ ಕೊಟ್ಟಿತು, ಜನರ ಆಕ್ರೋಶದ ನಂತರ ಗವರ್ನರ್ ಅದನ್ನು ಹತ್ತು ವರ್ಷಕ್ಕೆ ಇಳಿಸಿದರು. ಆ ಸುದ್ದಿಯನ್ನು ಹೇಳಿದಾಗ ಮಾವನವರು ಕೇಳಿದ್ದು ಚಾಲಕನಿಗೆ ಘಾಟಿಯ ಅಭ್ಯಾಸವಿತ್ತೇ ಎಂದು. ಅಭ್ಯಾಸದ ವಿಷಯಕ್ಕೆ ಬಂದರೆ, ಕೊಲೊರಾಡೊದಲ್ಲಿ ಪುಟ್ಟ ಕಾರಿನಲ್ಲಿ ಪರೀಕ್ಷೆ ಪಾಸಾದವರು ಅದೇ ಪರವಾನಗಿಯಲ್ಲಿ ನನ್ನಂತೆ ಐದೂವರೆ ಟನ್ ಎಳೆದುಕೊಂಡು ಈ ಇಳಿಜಾರಿಗೆ ಬರಬಹುದು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಸಾಮಾನ್ಯ ಕಾರು ಪರವಾನಗಿ ಇದಕ್ಕೆ ಸಾಲುವುದಿಲ್ಲ, ಬೇರೆ ಪರೀಕ್ಷೆ ಬೇಕು. ಇಲ್ಲಿಯೂ ಬರಲಿ ಎನ್ನುತ್ತೇನೆ, ಮೊದಲು ನನ್ನನ್ನೇ ಕೂರಿಸಿ ಪರೀಕ್ಷೆ ಮಾಡಲಿ.

ಹಾಗೆಂದು ನಮ್ಮ ಘಾಟಿಯ ಚಾಲಕರೆಲ್ಲ ಮಾವನವರಂತೆ ಎಂದು ಹೇಳುವ ಧೈರ್ಯ ನನಗಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸುವವರನ್ನೂ ಕಂಡಿದ್ದೇನೆ, ಅವರ ಬಗ್ಗೆ ಮಾವನವರ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯಲಾಗದು.

ಯಾರಾದರೂ ಕನ್ನಡಿಗ ಗೆಳೆಯರು ಫಿಫ್ತ್ ವ್ಹೀಲ್ ಕೊಳ್ಳುತ್ತೇನೆ, ಇರುವ ಟ್ರಕ್ ಸಾಕೇ ಎಂದು ಕೇಳಿದರೆ ನಾನು ಎಂಜಿನ್ ಕೇಳುವುದಿಲ್ಲ. ಬಾಗಿಲಿನ ಚೀಟಿಯ ಫೋಟೊ ಕಳಿಸಿ ಎನ್ನುತ್ತೇನೆ, ಜೊತೆಗೆ ಎಷ್ಟು ಜನ ಹೋಗುತ್ತೀರಿ ಎಂದು ಕೇಳುತ್ತೇನೆ. ನಾಲ್ಕೈದು ಜನ ಒಂದೇ ಗಾಡಿಯಲ್ಲಿ ಹೋಗಬೇಕೆಂದಿದ್ದರೆ ಫಿಫ್ತ್ ವ್ಹೀಲಿನ ಆಸೆ ಬಿಟ್ಟು ಬಂಪರಿಗೆ ಕಟ್ಟುವ ಹಗುರ ಟ್ರೈಲರ್ ನೋಡುವುದು ಒಳ್ಳೆಯದು. ಪ್ರತಿ ವಾರವೂ ಬೆಟ್ಟ ದಾಟುತ್ತೇನೆ, ಐದು ಟನ್ನಿನ ಕ್ಯಾಂಪರೇ ಬೇಕು ಎನ್ನುವವರು ಎಕ್ಸಾಸ್ಟ್ ಬ್ರೇಕ್ ಇರುವ ಭಾರಿ ಡೀಸೆಲ್ಲನ್ನೇ ಕೊಳ್ಳಲಿ, ಅದರಲ್ಲಿ ನನ್ನ ವಾದವೇನೂ ಇಲ್ಲ. ಗಂಡ ಹೆಂಡತಿ ಇಬ್ಬರೇ, ಸಣ್ಣ ಕ್ಯಾಂಪರ್, ಬೇಸಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಪ್ರಯಾಣ, ಬಲಬದಿಯ ಲೇನಿನಲ್ಲಿ ಹೋಗಲು ನಾಚಿಕೆ ಇಲ್ಲ ಎನ್ನುವವರಿಗೆ 2.7 ಲೀಟರ್ ಧಾರಾಳವಾಯಿತು.