ಬ್ರೇಕೇಜ್ ರಿಜಿಸ್ಟರ್

ಬಳ್ಳಾರಿಯ ನಮ್ಮ ಕಾಲೇಜಿನ ಕೆಮಿಸ್ಟ್ರಿ ವಿಭಾಗದ ಇತಿಹಾಸ ಬರೆದುಕೊಡು ಅಂತ ಹಳೆ ಗೆಳೆಯರು ಗಂಟು ಬಿದ್ದರು. ಸ್ಮರಣ ಸಂಚಿಕೆಗಂತೆ, ಎರಡೇ ಪುಟವಂತೆ. ಮುಖ್ಯಸ್ಥರ ಹೆಸರಿನ ಪಟ್ಟಿ ಗೋಡೆ ಮೇಲೇ ಇದೆ, ನಕಲು ಹೊಡೆದರೆ ಮುಗೀತಲ್ವಾ ಅಂತ ಹೋದೆ.

ಬಾಗಿಲಲ್ಲೇ ಕೊಳೆತ ಮೊಟ್ಟೆ ವಾಸನೆ. ಹೈಡ್ರೋಜನ್ ಸಲ್ಫೈಡ್! ಮೂಲೆಯಲ್ಲಿ ಅದೇ ಕಿಪ್ ಉಪಕರಣ, ಒಂದರ ಮೇಲೊಂದು ಕೂತ ಮೂರು ಗಾಜಿನ ಬುರುಡೆ. 1844ರ ಸುಮಾರಿಗೆ ಹಾಲೆಂಡಿನ ಔಷಧ ವ್ಯಾಪಾರಿ ಕಿಪ್ ಮಾಡಿದ್ದು. ಕಬ್ಬಿಣದ ಸಲ್ಫೈಡಿಗೆ ಆಸಿಡ್ ತಾಗಿದರೆ ಗ್ಯಾಸು, ನಲ್ಲಿ ಮುಚ್ಚಿದರೆ ಆ ಗ್ಯಾಸೇ ಆಸಿಡನ್ನು ದೂರ ತಳ್ಳಿ ತಾನೇ ನಿಂತುಬಿಡುತ್ತದೆ. ನಮ್ಮ ಮನೆ ಟ್ಯಾಂಕಿನ ಮೋಟಾರಿಗೆ ಇಷ್ಟು ಬುದ್ಧಿ ಇನ್ನೂ ಬಂದಿಲ್ಲ.

ನಾವು ಓದುವಾಗ ಮಾರ್ಕ್ಸ್ ಕಾರ್ಡಿನ ಮೇಲೆ ಗುಲ್ಬರ್ಗಾ ವಿಶ್ವವಿದ್ಯಾಲಯ. 2010ರಲ್ಲಿ ಊರಲ್ಲೇ ಶ್ರೀಕೃಷ್ಣದೇವರಾಯರ ಹೆಸರಿನ ವಿವಿ ಬಂತು, ಬೋರ್ಡು ಬದಲಾಯಿತು, ಆಸಿಡ್ ಬಿದ್ದು ಕರ್ರಗಾದ ಮೇಜು ಮಾತ್ರ ಅದೇ. ಬಳ್ಳಾರಿಗೆ ಇದೇನು ಹೊಸದಲ್ಲ ಬಿಡಿ, 1953ರ ಅಕ್ಟೋಬರ್ 1ರ ತನಕ ಊರಿಗೆ ಊರೇ ಮದ್ರಾಸಿನಲ್ಲಿತ್ತು, ಕೂತಲ್ಲೇ ಕೂತು ಮೈಸೂರಿಗೆ ಸೇರಿತು.

ನನಗೆ ಜಾಸ್ತಿ ನೆನಪಿರೋದು ಅದಿರಿನ ಪ್ರಾಕ್ಟಿಕಲ್ಸು. ಸೊಂಡೂರಿನ ಕೆಂಪು ಪುಡಿಯನ್ನು ಆಸಿಡಿನಲ್ಲಿ ಕರಗಿಸಿ, ಬ್ಯೂರೆಟ್ ಅನ್ನೋ ಅಳತೆಯ ಗಾಜಿನ ನಳಿಗೆಯಿಂದ ಡೈಕ್ರೋಮೇಟ್ ದ್ರಾವಣ ಹನಿಹನಿ ಬಿಟ್ಟು, ನೇರಳೆ ಬಣ್ಣ ಬಂದ ಕೂಡಲೇ ಕೈ ಬಿಗಿಹಿಡಿದು ಕಬ್ಬಿಣ ಎಷ್ಟಿದೆ ಅಂತ ಲೆಕ್ಕ ಹಾಕಬೇಕು. ನನಗೆ ಬಂದದ್ದು 74 ಪರ್ಸೆಂಟು. ಹೆಮಟೈಟ್ ಅನ್ನೋ ಆ ಕಬ್ಬಿಣದ ಅದಿರು ಅಪ್ಪಟವಾಗಿದ್ದರೂ ಅದರಲ್ಲಿ ಇರೋದು ಸುಮಾರು 70! ಮೇಷ್ಟ್ರು ನಗಲಿಲ್ಲ, "ತಮ್ಮಾ, ಆ ಗುಡ್ಡದಾಗ ಇಲ್ಲದ ಕಬ್ಬಿಣ ನಿನ್ನ ಬ್ಯೂರೆಟ್ಟಿನ್ಯಾಗ ಐತಿ" ಅಂದು ಮುಂದಿನ ಮೇಜಿಗೆ ಹೋದರು. ಅವತ್ತು ಸಂಜೆ ಒಗ್ಗರಣೆ-ಮಿರ್ಚಿಯೂ ರುಚಿಸಲಿಲ್ಲ.

ಪಟ್ಟಿ ಬರೆದುಕೊಳ್ಳುತ್ತಿದ್ದೆ. ರಿಟೈರಾಗಲು ಬಂದಿರುವ ಅಟೆಂಡರ್ ನೋಡುತ್ತಾ ನಿಂತಿದ್ದವರು ಸ್ಟೋರಿನಿಂದ ಒಂದು ದಪ್ಪ ಪುಸ್ತಕ ತಂದು ಧೂಳು ಕೊಡವಿದರು. "ಇತಿಹಾಸ ಬೇಕಂದ್ರ ಇದನ್ನ ನೋಡ್ರಿ ಸರ."

ಬ್ರೇಕೇಜ್ ರಿಜಿಸ್ಟರ್. ಯಾರು, ಯಾವತ್ತು, ಏನು ಒಡೆದರು, ಎಷ್ಟು ಕಟ್ಟಿದರು, ಎಲ್ಲಾ ಇದೆ. ಈಗ ಊರಲ್ಲಿ ದೊಡ್ಡ ಮನುಷ್ಯನಾಗಿ ಓಡಾಡುವ ಗೆಳೆಯನೊಬ್ಬ ಒಂದೇ ವರ್ಷದಲ್ಲಿ ಆರು ಬೀಕರ್ ಒಡೆದಿದ್ದಾನೆ. ಯಾವತ್ತೂ ಕೈತಪ್ಪದ ಹುಡುಗಿ ಅಂತ ನಾವು ನಂಬಿದ್ದವಳ ಲೆಕ್ಕದಲ್ಲಿ ಒಂದು ಡೆಸಿಕೇಟರ್, ಅಂದರೆ ವಸ್ತುಗಳನ್ನು ತೇವವಿಲ್ಲದೆ ಇಡುವ ದಪ್ಪ ಗಾಜಿನ ಪಾತ್ರೆ! ಸುಮ್ನೆ ಪುಟ ತಿರುಗಿಸುತ್ತಾ ಹೋದೆ.

ಪಿಪೆಟ್, ಒಂದು, ಅಂತ ಬರೆದ ಸಾಲಿನ ಮುಂದೆ ನನ್ನ ಹೆಸರಿತ್ತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ, ಬಾಕಿ 12 ರೂಪಾಯಿ.

ಅಟೆಂಡರ್ ಕನ್ನಡಕದ ಮೇಲಿಂದ ನೋಡಿದರು. "ಚಿಲ್ರ ಐತೇನ್ರಿ ಸರ?"