ಅದು ಗಂಧಕದ ಗುಣವಲ್ಲ, ಶಾಖದ್ದು

ಗಂಧಕ ಸೇರಿದ ಥಯೋಫೀನ್ ಉಂಗುರವಿರುವ ಬಣ್ಣದ ಅಣುವಿನ ಅರೇಖೀಯ ವಕ್ರೀಭವನ (ಬೆಳಕಿನ ತೀವ್ರತೆಗೆ ತಕ್ಕಂತೆ ವಕ್ರೀಭವನ ಸೂಚ್ಯಂಕ ಬದಲಾಗುವುದು), ಹೋಲಿಕೆಗೆ ಬಳಸುವ ದ್ರವವಾದ ಕಾರ್ಬನ್ ಡೈಸಲ್ಫೈಡ್‌ಗಿಂತ ಸಾವಿರಾರು ಪಟ್ಟು ಹೆಚ್ಚು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಹೋಲಿಕೆ ನಾನು ಒಪ್ಪಲ್ಲ. ಅಳೆದದ್ದು 532 ನ್ಯಾನೊಮೀಟರಿನ, ಎಡೆಬಿಡದೆ ಉರಿಯುವ ಹಸಿರು ಲೇಸರಿನಲ್ಲಿ ಅಂತ ಲೇಖನದಲ್ಲೇ ಇದೆ. ಅಣು ಆ ಬೆಳಕನ್ನು ಹೀರಿದರೆ ದ್ರಾವಣ ಬಿಸಿಯಾಗುತ್ತದೆ, ಬಿಸಿಯಾದ ಕಡೆ ವಕ್ರೀಭವನ ಸೂಚ್ಯಂಕ ಇಳಿದು ನಿಮ್ನ ಮಸೂರವೇ ಹುಟ್ಟುತ್ತದೆ. ಗಂಧಕವೇ ಇಲ್ಲದ ಮಾಮೂಲಿ ಬಣ್ಣದ ನೀರೂ ಹೀಗೇ ಮಾಡುತ್ತದೆ.

ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಝಡ್-ಸ್ಕ್ಯಾನ್ (ಮಾದರಿಯನ್ನು ಲೇಸರಿನ ನಾಭಿಯ ಆಚೀಚೆ ಸರಿಸಿ, ಹಾದುಬಂದ ಬೆಳಕನ್ನು ಅಳೆಯುವ ವಿಧಾನ) ಮಾಡುವಾಗ ಪರದೆಯ ಮೇಲೆ ಮೊದಲು ಶಿಖರ, ಆಮೇಲೆ ಕಣಿವೆ ಮೂಡಿದ್ದನ್ನು ನೋಡಿ ನಾನೂ ಹಿಗ್ಗಿದ್ದೆ. ಕಿರಣದ ದಾರಿಗೆ ಶಟರ್ ಇಟ್ಟು, ತೆರೆದ ಮೊದಲ ಕ್ಷಣದ್ದನ್ನಷ್ಟೇ ಓದಿದಾಗ ರೇಖೆ ಬಹುತೇಕ ಚಪ್ಪಟೆಯಾಯಿತು, ಅಂದರೆ ನಾನು ಕಂಡಿದ್ದು ಆಮೇಲೆ ಏರುವ ಶಾಖದ ಪರಿಣಾಮವಷ್ಟೇ.

ಇನ್ನು ಕಾರ್ಬನ್ ಡೈಸಲ್ಫೈಡ್‌ಗೂ ಅರೇಖೀಯ ವಕ್ರೀಭವನದ ಒಂದೇ ಮೌಲ್ಯ ಅಂತಿಲ್ಲ, ಲೇಸರ್ ಮಿಡಿತದ ಅವಧಿಗೆ ತಕ್ಕಂತೆ ಅದು ಬದಲಾಗುತ್ತದೆ. ಹತ್ತಾರು ಫೆಮ್ಟೊಸೆಕೆಂಡಿನ (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಭಾಗ) ಮಿಡಿತಕ್ಕೆ ಎಲೆಕ್ಟ್ರಾನುಗಳದ್ದೇ ಮುಖ್ಯ ಪಾತ್ರ. ಅದರ ಸಾವಿರ ಪಟ್ಟು ಉದ್ದದ, ಹತ್ತಾರು ಪಿಕೊಸೆಕೆಂಡಿಗೆ ಹೋದರೆ ಆ ಉದ್ದನೆಯ ಅಣುಗಳು ತಿರುಗಿ ಸಾಲುಗೂಡುತ್ತವೆ, ಮೌಲ್ಯ ಸುಮಾರು 10 ಪಟ್ಟು ಏರುತ್ತದೆ. ಥಯೋಫೀನ್ ಸರಪಳಿಯಲ್ಲಿ ಎಲೆಕ್ಟ್ರಾನುಗಳು ಉದ್ದಕ್ಕೂ ಹರಡಿಕೊಂಡು ಒಳ್ಳೆಯ ಪರಿಣಾಮ ಕೊಡುವುದು ನಿಜ, ಅದಕ್ಕೇ ಈ ಬೇಸರ. ಈ ಅಣುವನ್ನೂ ಕಾರ್ಬನ್ ಡೈಸಲ್ಫೈಡನ್ನೂ ಒಂದೇ ಸೆಟಪ್ಪಿನಲ್ಲಿ, ಒಂದೇ ಫೆಮ್ಟೊಸೆಕೆಂಡ್ ಮಿಡಿತದಲ್ಲಿ ಅಳೆದ ಅಂಕಿ ಇದ್ದರೆ ದಯವಿಟ್ಟು ಲೇಖನಕ್ಕೆ ಸೇರಿಸಿ.